ಏಜೆನ್ಸಿ ಅಗ್ರಿಮೆಂಟ್‌ನಲ್ಲಿ ‘ಡಿಸ್ಟ್ರಿಬ್ಯೂಷನ್ ಪಾಲಿಸಿ ಪ್ರಕಾರ’ ಅಂತ ಇದ್ದರೆ ಸೈನ್ ಹಾಕಬಹುದಾ?

ಮಂಡಿಪೇಟೆ ಅಂಗಡಿ
ಎಲ್ಲರಿಗೂ ನಮಸ್ಕಾರ. ತುಮಕೂರು ಮಂಡಿಪೇಟೆಯಲ್ಲಿ ನಮ್ಮದು ದಿನಸಿ ಸಗಟು ಅಂಗಡಿ, ಅಪ್ಪನ ಕಾಲದಿಂದ ಇದೆ. ಈಗ ಒಂದು ಮಸಾಲೆ ಪುಡಿ, ಉಪ್ಪಿನಕಾಯಿ ಕಂಪನಿಯವರು ತುಮಕೂರು, ಗುಬ್ಬಿ, ಕುಣಿಗಲ್ ಮೂರು ತಾಲ್ಲೂಕಿಗೆ ಡಿಸ್ಟ್ರಿಬ್ಯೂಟರ್ ಆಗಿ ಅಂತ ಬಂದಿದ್ದಾರೆ. ಡಿಪಾಸಿಟ್ 3 ಲಕ್ಷ, ಜೊತೆಗೆ ಸಹಿ ಮಾಡಿದ ಎರಡು ಖಾಲಿ ಚೆಕ್ ಕೇಳುತ್ತಿದ್ದಾರೆ.

ಅಗ್ರಿಮೆಂಟ್ ಪೂರ್ತಿ ಓದಿದೆ. ಮುಖ್ಯವಾದ ಜಾಗದಲ್ಲೆಲ್ಲ ಒಂದೇ ಮಾತು. ಏರಿಯಾ ಯಾವುದು? ‘ಕಂಪನಿಯ ಡಿಸ್ಟ್ರಿಬ್ಯೂಷನ್ ಪಾಲಿಸಿ ಪ್ರಕಾರ’. ಮಾರ್ಜಿನ್ ಎಷ್ಟು? ಪಾಲಿಸಿ ಪ್ರಕಾರ. ಎಕ್ಸ್‌ಪೈರಿ ಮಾಲು ವಾಪಸ್ ತಗೊಳ್ಳುತ್ತಾರಾ? ಅದೂ ಪಾಲಿಸಿ ಪ್ರಕಾರ. ಆ ಪಾಲಿಸಿಯನ್ನು ಕಂಪನಿ ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ಇನ್ನೊಂದು ಸಾಲು. ಪಾಲಿಸಿ ತೋರಿಸಿ ಅಂದರೆ ಏರಿಯಾ ಮ್ಯಾನೇಜರ್ ‘ಅದು ಆಫೀಸ್ ಕಾಗದ ಸಾರ್, ನೀವು ಸೈನ್ ಹಾಕಿ, ಆಮೇಲೆ ಮೇಲ್ ಮಾಡಿಸುತ್ತೇನೆ’ ಎನ್ನುತ್ತಾರೆ.

ನಾನು ಕೇಳುವುದು ಇಷ್ಟೇ. ಕಣ್ಣಿಂದ ನೋಡದ ಕಾಗದಕ್ಕೆ ನಾನು ಬದ್ಧನಾಗುತ್ತೇನಾ? ಬದಲಾಯಿಸಿ ಅಂದರೆ ಕಂಪನಿಯವರು ಕೇಳುತ್ತಾರಾ? ಅನುಭವ ಇರುವವರು ಹೇಳಿ.

ಶಿರಾ ಗೇಟ್
ಪಾಲಿಸಿ ಕೈಗೆ ಬರುವ ತನಕ ಸೈನ್ ಹಾಕಬೇಡಿ. ಚೆಕ್ ಅಂತೂ ಕೊಡಲೇಬೇಡಿ.

ಗುಬ್ಬಿ ರೋಡ್
ಇಷ್ಟಕ್ಕೆಲ್ಲ ಹೆದರಬೇಡಿ ಅಣ್ಣಾ. ನಾನು ನಾಲ್ಕು ಕಂಪನಿ ಏಜೆನ್ಸಿ ನಡೆಸುತ್ತೇನೆ, ನಾಲ್ಕರಲ್ಲೂ ಇದೇ ಸಾಲು ಇದೆ. ಊರೂರಲ್ಲಿ ಡಿಸ್ಟ್ರಿಬ್ಯೂಟರ್ ಇರುವಾಗ ಒಬ್ಬೊಬ್ಬರಿಗೂ ಒಂದೊಂದು ಅಗ್ರಿಮೆಂಟ್ ಬರೆಯಲು ಆಗುತ್ತದಾ? ಬದಲಾಗದ್ದನ್ನು ಅಗ್ರಿಮೆಂಟ್‌ನಲ್ಲಿ ಇಡುತ್ತಾರೆ. ಬೀಟ್ ಪ್ಲಾನ್ (ಯಾವ ದಿನ ಯಾವ ರೂಟ್), ಸ್ಕೀಮ್ (ಆಫರ್), ಮಿನಿಮಮ್ ಆರ್ಡರ್, ಗಾಡಿ ಎಷ್ಟು, ಸೇಲ್ಸ್‌ಮ್ಯಾನ್ ಎಷ್ಟು ಜನ, ಎಷ್ಟು ದಿನದ ಸ್ಟಾಕ್ ಇಡಬೇಕು, ಇದೆಲ್ಲ ಪಾಲಿಸಿಯಲ್ಲಿ ಇರುತ್ತದೆ, ಯಾಕಂದರೆ ಅದು ಮಾರ್ಕೆಟ್ ನೋಡಿಕೊಂಡು ಬದಲಾಗಲೇಬೇಕು. ನೀವು ಬಿಟ್ಟರೆ ಪಕ್ಕದ ಅಂಗಡಿಯವರು ಸೈನ್ ಹಾಕುತ್ತಾರೆ ಅಷ್ಟೇ.

ಕೋಲಾರ ವಕೀಲೆ
ಪಾಲಿಸಿ ಅಗ್ರಿಮೆಂಟ್‌ನಿಂದ ಬೇರೆ ಇರುವುದು ತಪ್ಪಲ್ಲ, ಅಲ್ಲಿಯ ತನಕ ಗುಬ್ಬಿ ರೋಡ್ ಅವರ ಮಾತು ಸರಿ. ಸೈನ್ ಹಾಕಿಸಿಕೊಳ್ಳುವಾಗ ಅದನ್ನು ಕೈಗೆ ಕೊಡದೇ ಇರುವುದು ತಪ್ಪು.

ಒಪ್ಪಂದದಲ್ಲಿ ‘ಇಂಥ ಕಾಗದವೂ ಇದರ ಭಾಗ’ ಎಂದು ಬರೆದು ನೀವು ಸಹಿ ಹಾಕಿದರೆ ಆ ಕಾಗದದ ಷರತ್ತುಗಳೂ ನಿಮ್ಮ ತಲೆ ಮೇಲೆ ಬರುತ್ತವೆ. ‘ನಾನು ಓದಿರಲಿಲ್ಲ’ ಅಂದರೆ ಕೋರ್ಟ್ ಸಾಮಾನ್ಯವಾಗಿ ಕೇಳುವುದಿಲ್ಲ. ಬದಲಾವಣೆ ವಿಷಯಕ್ಕೆ ಬಂದರೆ, 1872ರ ಕರಾರು ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಕರಾರು ಬದಲಾಗಲು ಎರಡೂ ಕಡೆಯವರು ಒಪ್ಪಬೇಕು. ಆದರೆ ‘ಬದಲಾಯಿಸುವ ಹಕ್ಕು ಕಂಪನಿಗಿದೆ’ ಎನ್ನುವುದಕ್ಕೆ ನೀವೇ ಸಹಿ ಹಾಕಿದ್ದರೆ, ಒಪ್ಪಿಗೆ ಮೊದಲೇ ಕೊಟ್ಟಿದ್ದಾರೆ ಎಂದು ಅವರ ವಕೀಲರು ವಾದಿಸುತ್ತಾರೆ. ಆ ವಾದಕ್ಕೆ ಜಾಗ ಕೊಡಬಾರದು.

ಹಾಗಾಗಿ ಇವತ್ತಿನ ದಿನಾಂಕದ ಪಾಲಿಸಿಯನ್ನು ಅಗ್ರಿಮೆಂಟ್‌ಗೆ ಷೆಡ್ಯೂಲ್ ಮಾಡಿ ಲಗತ್ತಿಸಲು ಹೇಳಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಇರಲಿ. ಬದಲಾಯಿಸುವುದಾದರೆ ಕನಿಷ್ಠ 30 ದಿನ ಮೊದಲು ಬರಹದಲ್ಲಿ ತಿಳಿಸಬೇಕು, ಅಷ್ಟರೊಳಗೆ ಬಿಲ್ ಆದ ಮಾಲಿಗೂ ಹುಟ್ಟಿದ ಕ್ಲೇಮಿಗೂ ಹಳೆಯ ಪಾಲಿಸಿಯೇ ಅನ್ವಯಿಸಬೇಕು ಎಂದು ಬರೆಸಿ. ಅಗ್ರಿಮೆಂಟ್‌ಗೂ ಪಾಲಿಸಿಗೂ ತಾಳೆ ಆಗದಿದ್ದರೆ ಅಗ್ರಿಮೆಂಟೇ ಮೇಲು ಎಂಬ ಒಂದು ಸಾಲು ಬೇಕೇ ಬೇಕು. ಇಷ್ಟನ್ನು ಕೇಳುವುದಕ್ಕೆ ಸಂಕೋಚ ಬೇಡ. ದುಡ್ಡು ನಿಮ್ಮದು.

ತಿಪಟೂರು ಟ್ರೇಡರ್ಸ್
ಮೇಡಂ ಹೇಳಿದ ‘ಹಳೆಯ ಮಾಲಿಗೆ ಹಳೆಯ ಪಾಲಿಸಿ’ ಅನ್ನುವ ಸಾಲು ನಮ್ಮ ಅಗ್ರಿಮೆಂಟ್‌ನಲ್ಲಿ ಇರಲಿಲ್ಲ. ನಮ್ಮ ಬಿಸ್ಕತ್ ಏಜೆನ್ಸಿಯಲ್ಲಿ ಎಕ್ಸ್‌ಪೈರಿ, ಡ್ಯಾಮೇಜ್ ಎಲ್ಲ ಪೂರ್ತಿ ಕ್ಲೇಮ್ ಸಿಗುತ್ತಿತ್ತು. ಒಂದು ಮಾರ್ಚ್ ತಿಂಗಳು ಟಾರ್ಗೆಟ್ ಮುಗಿಸಬೇಕು ಅಂತ ಏರಿಯಾ ಮ್ಯಾನೇಜರ್ ಗೋಡೌನ್ ತುಂಬ ಮಾಲು ಇಳಿಸಿದರು. ಏಪ್ರಿಲ್‌ನಲ್ಲಿ ಮೇಲ್ ಬಂತು. ಇನ್ನು ಮುಂದೆ ಕ್ಲೇಮ್ ಒಟ್ಟು ಖರೀದಿಯ ಅರ್ಧ ಪರ್ಸೆಂಟ್‌ವರೆಗೆ ಮಾತ್ರ, ಅದೂ ಎಕ್ಸ್‌ಪೈರಿಗೆ 45 ದಿನ ಮುಂಚೆ ಲಿಸ್ಟ್ ಕಳಿಸಿದ್ದರೆ ಮಾತ್ರ.

ಹಿಂದಿನ ಸಾಲಿನ ಬಾಕ್ಸ್‌ಗಳು ಗೋಡೆಗೆ ಒತ್ತಿಕೊಂಡು ಇದ್ದವು. ಮುಂದಿನದನ್ನು ಇಳಿಸಿ ಟಾರ್ಚ್ ಹಾಕಿ ಡೇಟ್ ನೋಡಿದರೆ, ಅರ್ಧಕ್ಕರ್ಧ ಬಾಕ್ಸ್‌ಗೆ 45 ದಿನ ಆಗಲೇ ದಾಟಿತ್ತು. ಕಂಪನಿ ಗೋಡೌನ್‌ನಿಂದ ಹೊರಡುವಾಗಲೇ ಹಳೆಯ ಮಾಲು ಅದು. ಅಪ್ಪ ಆ ಬಾಕ್ಸ್‌ಗಳನ್ನು ಎಣಿಸುತ್ತಾ ಮಾತೇ ಆಡಲಿಲ್ಲ. ಹಾಗಾಗಿ ಹೇಳುತ್ತಿದ್ದೇನೆ ಮಂಡಿಪೇಟೆ ಅಣ್ಣಾ, ಅಗ್ರಿಮೆಂಟ್‌ಗಿಂತ ಜಾಸ್ತಿ ಆ ಪಾಲಿಸಿಯನ್ನೇ ಓದಿ. ದುಡ್ಡು ಇರುವುದು ಅದರಲ್ಲಿ.

ಶಿರಾ ಗೇಟ್
ಆ ಮಾಲು ಆಮೇಲೆ ಏನು ಮಾಡಿದಿರಿ?

ತಿಪಟೂರು ಟ್ರೇಡರ್ಸ್
ನಾಶ ಮಾಡಿಸಿದೆವು ಸಾರ್. ಮಾರುವುದಕ್ಕೆ ಮನಸ್ಸು ಬರಲಿಲ್ಲ.

ಕೋಲಾರ ವಕೀಲೆ
ಒಳ್ಳೆಯದು ಮಾಡಿದಿರಿ. 2006ರ ಆಹಾರ ಸುರಕ್ಷತೆ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಎಕ್ಸ್‌ಪೈರಿ ದಾಟಿದ ಆಹಾರ ಸಪ್ಲೈ ಮಾಡಿದರೆ ಡಿಸ್ಟ್ರಿಬ್ಯೂಟರ್ ನೇರ ಹೊಣೆ. ಕಂಪನಿ ಹೇಳಿದ ರೀತಿ ಸ್ಟೋರ್ ಮಾಡದಿದ್ದರೂ ಹೊಣೆ. ಮಾರಿದರೆ ಕಾನೂನು ನಿಮ್ಮನ್ನೇ ಹಿಡಿಯುತ್ತದೆ, ಇಟ್ಟುಕೊಂಡರೆ ನಷ್ಟ ನಿಮ್ಮದೇ. ಅದಕ್ಕೇ ಎಕ್ಸ್‌ಪೈರಿ ಕಲಂ ಅಗ್ರಿಮೆಂಟ್ ಒಳಗೇ ಇರಬೇಕು, ಬದಲಾಗುವ ಪಾಲಿಸಿಯಲ್ಲಿ ಅಲ್ಲ. ಬಿಲ್ ಆಗುವ ದಿನ ಮಾಲಿಗೆ ಎಷ್ಟು ಆಯಸ್ಸು ಉಳಿದಿರಬೇಕು ಅಂತಲೂ ಬರೆಸಬಹುದು.

ಜಿಎಸ್‌ಟಿ ಗೌರಿಬಿದನೂರು
ಅಕೌಂಟ್ಸ್ ಕಡೆಯಿಂದ ಒಂದು ಮಾತು. ಕ್ಲೇಮ್ ಅಂದರೆ ಕೊನೆಗೆ ಬರುವುದು ಕ್ರೆಡಿಟ್ ನೋಟ್, ಅಷ್ಟು ಹಣ ನಮ್ಮ ಲೆಕ್ಕಕ್ಕೆ ಜಮಾ ಅಂತ ಕಂಪನಿ ಕೊಡುವ ಕಾಗದ. ಜಿಎಸ್‌ಟಿ ಕಾಯ್ದೆ 34ನೇ ಸೆಕ್ಷನ್ ಪ್ರಕಾರ, ಮಾಲು ಬಿಲ್ ಆದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ದಾಟಿದರೆ ಕಂಪನಿಗೆ ತೆರಿಗೆ ಕಡಿಮೆ ಮಾಡಿಕೊಳ್ಳಲು ಆಗುವುದಿಲ್ಲ. ಅಷ್ಟು ತಡವಾದರೆ ತೆರಿಗೆ ಬಿಟ್ಟು ಬರೀ ಮಾಲಿನ ಬೆಲೆಗೆ ನೋಟ್ ಕೊಡುತ್ತೇವೆ ಎನ್ನುತ್ತಾರೆ. ಕ್ಲೇಮ್ ಕಳಿಸಿದ ಇಷ್ಟು ದಿನದೊಳಗೆ ಕ್ರೆಡಿಟ್ ನೋಟ್ ಕೊಡಬೇಕು ಎಂದು ದಿನ ಹಾಕಿಸಿ. ಸುಮ್ನೆ ‘ಆದಷ್ಟು ಬೇಗ’ ಅಂತ ಇದ್ದರೆ ಅದಕ್ಕೆ ಬೆಲೆ ಇಲ್ಲ.

ಕುಣಿಗಲ್ ಕಿರಾಣಿ
ಎಂಎಸ್‌ಎಂಇ (ಸಣ್ಣ ಉದ್ದಿಮೆ) ರಿಜಿಸ್ಟ್ರೇಷನ್ ಮಾಡಿಸಿಕೊಳ್ಳಿ. 45 ದಿನದೊಳಗೆ ಕಂಪನಿ ದುಡ್ಡು ಕೊಡಲೇಬೇಕು, ಇಲ್ಲದಿದ್ದರೆ ಬಡ್ಡಿ ಸಮೇತ ವಸೂಲಿ.

ಜಿಎಸ್‌ಟಿ ಗೌರಿಬಿದನೂರು
ಅದು ಇಲ್ಲಿ ನಡೆಯುವುದಿಲ್ಲ ಕುಣಿಗಲ್ ಅಣ್ಣಾ. 45 ದಿನದ ರಕ್ಷಣೆ ಇರುವುದು ಮಾಲು ತಯಾರಿಸುವ ಅಥವಾ ಸೇವೆ ಕೊಡುವ ಸಣ್ಣ ಘಟಕಕ್ಕೆ, ಅದು ಮಾರಿದ್ದಕ್ಕೆ ಬರಬೇಕಾದ ಹಣಕ್ಕೆ. ಇಲ್ಲಿ ಮಾರುವುದು ಕಂಪನಿ, ಕೊಳ್ಳುವುದು ನಾವು. ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಉದ್ಯಮ್ ನೋಂದಣಿಗೆ (ನೀವು ಹೇಳಿದ ಎಂಎಸ್‌ಎಂಇ ರಿಜಿಸ್ಟ್ರೇಷನ್ ಅದೇ) ಸೇರಿಸಿದ್ದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಆ ಮಸಾಲೆ ಕಂಪನಿಯೇ ಸಣ್ಣ ಘಟಕ ಆಗಿದ್ದರೆ, 45 ದಿನದ ನಿಯಮ ತೋರಿಸಿ ಅದೇ ನಮ್ಮ ಹತ್ತಿರ ಬಡ್ಡಿ ಕೇಳಬಹುದು.

ಕುಣಿಗಲ್ ಕಿರಾಣಿ
ಹೌದಾ. ನಮ್ಮ ಆಡಿಟರ್ ಬೇರೆ ಥರ ಹೇಳಿದ್ದರು, ಇನ್ನೊಮ್ಮೆ ಕೇಳುತ್ತೇನೆ.

ಮಂಡಿಪೇಟೆ ಅಂಗಡಿ
ತುಂಬ ಥ್ಯಾಂಕ್ಸ್. ಏರಿಯಾ ಬಗ್ಗೆಯೂ ಹೇಳಿ. ಮೂರು ತಾಲ್ಲೂಕು ನಿಮಗೆ ಮಾತ್ರ ಅಂತ ಬಾಯಲ್ಲಿ ಹೇಳುತ್ತಿದ್ದಾರೆ. ಅಗ್ರಿಮೆಂಟ್‌ನಲ್ಲಿ ‘ನಾನ್ ಎಕ್ಸ್‌ಕ್ಲೂಸಿವ್’ ಅಂತ ಇದೆ.

ಗುಬ್ಬಿ ರೋಡ್
ಬಾಯಿ ಮಾತು ಬಿಟ್ಟುಬಿಡಿ. ಬರೆದಿರುವುದೇ ಲೆಕ್ಕ. ಏರಿಯಾ ಮ್ಯಾನೇಜರ್ ವರ್ಷದೊಳಗೆ ಟ್ರಾನ್ಸ್‌ಫರ್ ಆಗಿ ಹೋಗುತ್ತಾರೆ, ಹೊಸಬರು ಬಂದು ‘ಯಾರು ಹೇಳಿದ್ದು ನಿಮಗೆ?’ ಅನ್ನುತ್ತಾರೆ. ಇದು ನಾನೂ ನೋಡಿದ್ದೇನೆ.

ಚಿಕ್ಕಬಳ್ಳಾಪುರ ಎಫ್‌ಎಂಸಿಜಿ
ಎಕ್ಸ್‌ಕ್ಲೂಸಿವ್ ಅಂತ ಬರೆದುಕೊಟ್ಟರೂ ಅದರ ಕೆಳಗೆ ಏನು ಬಿಟ್ಟಿದ್ದಾರೆ ನೋಡಿ. ನಮ್ಮದರಲ್ಲಿ ‘ಮಾಡರ್ನ್ ಟ್ರೇಡ್, ಆನ್‌ಲೈನ್, ಹೋಟೆಲ್, ಸಂಸ್ಥೆಗಳು ಬಿಟ್ಟು’ ಅಂತ ಇತ್ತು. ಅಂದರೆ ಚಿಕ್ಕಬಳ್ಳಾಪುರದ ದೊಡ್ಡ ಮಾರ್ಟ್‌ಗೆ ಕಂಪನಿ ನೇರ ಸಪ್ಲೈ ಮಾಡಬಹುದು. ಮಾರ್ಟ್‌ನಲ್ಲಿ ಗಿರಾಕಿಗೆ ಸಿಗುವ ರೇಟು, ನಾನು ಅಂಗಡಿಗೆ ಹಾಕುವ ರೇಟಿಗಿಂತ ಕಡಿಮೆ! ಅಂಗಡಿಯವರು ನನ್ನ ಸೇಲ್ಸ್‌ಮ್ಯಾನ್ ಮುಖಕ್ಕೆ ಮಾರ್ಟ್ ಬಿಲ್ ಹಿಡಿದು ಬೈದರು. ಆ ಹುಡುಗ ಏನು ಮಾಡಿಯಾನು ಪಾಪ.

ಇದು ನಮ್ಮ ಊರಿನ ಗೋಳು ಮಾತ್ರ ಅಲ್ಲ. ಅಖಿಲ ಭಾರತ ಡಿಸ್ಟ್ರಿಬ್ಯೂಟರ್ ಒಕ್ಕೂಟದವರು 2022ರ ಆರಂಭದಲ್ಲಿ ಇದೇ ರೇಟ್ ವ್ಯತ್ಯಾಸದ ವಿರುದ್ಧ ದೊಡ್ಡ ಕಂಪನಿಗಳ ಮಾಲು ಎತ್ತುವುದಿಲ್ಲ ಅಂತ ಮಹಾರಾಷ್ಟ್ರದಲ್ಲಿ ಪಟ್ಟು ಹಿಡಿದಿದ್ದರು.

ಬೇರೆ ಊರಿನ ಮಾಲು ನುಗ್ಗುವುದಕ್ಕೂ ಒಂದು ಸಾಲು ಬೇಕು. ಬೆಂಗಳೂರು ಹೋಲ್‌ಸೇಲ್‌ನಿಂದ ಸ್ಕೀಮ್ ಮಾಲು ರೇಟ್ ಒಡೆದು ತಂದು ಸುರಿದರೆ ನಿಮ್ಮ ಟಾರ್ಗೆಟ್ ಮುಗಿಯುವುದಿಲ್ಲ. ಹಾಗೆ ನುಗ್ಗಿದ ತಿಂಗಳು ಟಾರ್ಗೆಟ್ ಕಡಿಮೆ ಮಾಡಬೇಕು ಅಂತ ಕೇಳಿ. ಕೊಡುವ ಕಂಪನಿಗಳೂ ಇವೆ.

ಮುಳಬಾಗಿಲು ಹುಡುಗ
ರೇಟ್ ವಿಷಯ ಬಂತಲ್ಲ, ಅದಕ್ಕೆ ಕೇಳುತ್ತೇನೆ. ಇಷ್ಟೇ ರೇಟಿಗೆ ಮಾರಬೇಕು, ಇದಕ್ಕಿಂತ ಡಿಸ್ಕೌಂಟ್ ಕೊಡಬಾರದು ಅಂತ ಪಾಲಿಸಿಯಲ್ಲಿ ಹಾಕಬಹುದಾ? ದುಡ್ಡು ಕೊಟ್ಟು ಕೊಂಡ ಮಾಲು ನಮ್ಮದೇ ಅಲ್ವಾ?

ಕೋಲಾರ ವಕೀಲೆ
ಒಳ್ಳೆಯ ಪ್ರಶ್ನೆ. ಎಂಆರ್‌ಪಿಗಿಂತ ಜಾಸ್ತಿ ಮಾರುವ ಹಾಗಿಲ್ಲ. ಕಡಿಮೆಗೆ ಮಾರಲು ಎಂಆರ್‌ಪಿ ಕಾನೂನಿನ ಅಡ್ಡಿ ಇಲ್ಲ. ಕಂಪನಿ ತಾನೇ ಕನಿಷ್ಠ ಬೆಲೆ ಕಟ್ಟಿದರೆ ಅದು 2002ರ ಸ್ಪರ್ಧಾ ಕಾಯ್ದೆಯ 3(4) ಕೆಳಗೆ ಬರುತ್ತದೆ. ಎಕ್ಸ್‌ಕ್ಲೂಸಿವ್ ಡಿಸ್ಟ್ರಿಬ್ಯೂಷನ್, ಬೇರೆಯವರಿಗೆ ಮಾಲು ಕೊಡದಿರುವುದು, ಇದು ತಗೊಂಡರೆ ಮಾತ್ರ ಅದು ಕೊಡುತ್ತೇವೆ ಎನ್ನುವುದು, ಎಲ್ಲವೂ ಅದೇ ಸೆಕ್ಷನ್‌ನಲ್ಲಿವೆ.

ದೊಡ್ಡ ಉದಾಹರಣೆ ಮಾರುತಿ ಸುಜುಕಿ. ಡೀಲರ್‌ಗಳು ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಡಿಸ್ಕೌಂಟ್ ಕೊಡದಂತೆ ‘ಡಿಸ್ಕೌಂಟ್ ಕಂಟ್ರೋಲ್ ಪಾಲಿಸಿ’ ನಡೆಸಿದ್ದಕ್ಕೆ 2021ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ 200 ಕೋಟಿ ದಂಡ ಹಾಕಿತು. ಆಯೋಗದ ಆದೇಶದ ಪ್ರಕಾರ, ಗಿರಾಕಿಯ ವೇಷದಲ್ಲಿ ಏಜೆನ್ಸಿಯವರನ್ನು ಶೋರೂಮ್‌ಗೆ ಕಳಿಸಿ, ಮಾತನ್ನು ರೆಕಾರ್ಡ್ ಮಾಡಿಸಿ, ಜಾಸ್ತಿ ಡಿಸ್ಕೌಂಟ್ ಕೊಟ್ಟ ಡೀಲರ್‌ಗೂ ಅಲ್ಲಿನ ಸಿಬ್ಬಂದಿಗೂ ದಂಡ ಹಾಕುತ್ತಿದ್ದರು. ಕಂಪನಿ ಮೇಲ್ಮನವಿಗೆ ಹೋಯಿತು.

ಆದರೆ ಒಂದು ಎಚ್ಚರಿಕೆ. ಇಂಥ ಕಲಂ ಇದ್ದ ಮಾತ್ರಕ್ಕೆ ಅಕ್ರಮ ಆಗುವುದಿಲ್ಲ. ಮಾರ್ಕೆಟ್‌ನ ಸ್ಪರ್ಧೆಗೆ ಗಣನೀಯ ಪೆಟ್ಟು ಬಿದ್ದಿದೆ ಎಂದು ತೋರಿಸಬೇಕು. ಸಣ್ಣ ಮಸಾಲೆ ಕಂಪನಿ ಮೇಲೆ ಆ ಕೇಸ್ ನಿಲ್ಲುವುದು ಕಷ್ಟ.

ಚಿಂತಾಮಣಿ ಬೀಜ ಗೊಬ್ಬರ
ನಮ್ಮ ಲೈನ್‌ನಲ್ಲಿ ಇನ್ನೂ ಬಿಗಿ. ಕೀಟನಾಶಕದ ಲೈಸೆನ್ಸ್‌ನಲ್ಲಿ ಕಂಪನಿಯ ಪ್ರಿನ್ಸಿಪಲ್ ಸರ್ಟಿಫಿಕೇಟ್ ಸೇರಿರಬೇಕು, ಗೊಬ್ಬರಕ್ಕೆ ಓ ಫಾರಂ ಬೇಕು, ಎರಡೂ ತನ್ನ ಮಾಲು ಮಾರಲು ಕಂಪನಿ ಕೊಡುವ ಪತ್ರ. ಅದು ಇಲ್ಲದೆ ಆ ಕಂಪನಿ ಮಾಲು ಅಂಗಡಿಯಲ್ಲಿ ಇಟ್ಟರೆ ಕೃಷಿ ಇಲಾಖೆಯವರು ಬಂದಾಗ ಉತ್ತರ ಕೊಡಬೇಕು. ಕಂಪನಿ ಏಜೆನ್ಸಿ ರದ್ದು ಮಾಡಿ ಸರ್ಟಿಫಿಕೇಟ್ ಹಿಂದಕ್ಕೆ ತಗೊಂಡರೆ ಉಳಿದ ಸ್ಟಾಕ್ ಮಾರಲೂ ಆಗದು. ಹಾಗಾಗಿ ರದ್ದಾದರೆ ಸ್ಟಾಕ್ ಬಿಲ್ ರೇಟಿಗೆ ವಾಪಸ್ ತಗೋಬೇಕು ಅಂತ ಬರೆಸಿಕೊಳ್ಳದೆ ನಾನು ಯಾವ ಕಂಪನಿಗೂ ಸೈನ್ ಹಾಕುವುದಿಲ್ಲ. ಮಸಾಲೆಗೂ ಅದೇ ಕೇಳಿ ಅಣ್ಣಾ.

ವಡ್ಡಹಳ್ಳಿ ಟೊಮೆಟೊ
ಇಷ್ಟೆಲ್ಲ ಕಾಗದ ಯಾಕೆ ಸ್ವಾಮಿ. ನಮ್ಮ ಟೊಮೆಟೊ ಮಂಡಿಯಲ್ಲಿ ಲೋಡ್‌ಗಟ್ಟಲೆ ಮಾಲು ಬೆಳಗಾಗುವುದರೊಳಗೆ ಬಾಯಿ ಮಾತಲ್ಲೇ ಮಾರಿಹೋಗುತ್ತದೆ. ನಂಬಿಕೆ ಇದ್ದರೆ ಸಾಕು.

ಚಿಂತಾಮಣಿ ಬೀಜ ಗೊಬ್ಬರ
ಮಂಡಿಯಲ್ಲಿ ನಾಳೆ ಮತ್ತೆ ಅದೇ ಮುಖ ನೋಡಬೇಕು, ಅದಕ್ಕೆ ನಂಬಿಕೆ ನಡೆಯುತ್ತದೆ. ಇಲ್ಲಿ ನಿರ್ಧಾರ ಮಾಡುವವರ ಮುಖವನ್ನೇ ನಾವು ನೋಡಿರುವುದಿಲ್ಲ. ಎರಡೂ ಒಂದೇ ಅಲ್ಲ.

ವಡ್ಡಹಳ್ಳಿ ಟೊಮೆಟೊ
ಅದೂ ಸರಿ ಅನ್ನಿ. ಆದರೂ ಹಳೇ ಕಾಲದ ಮಂಡಿಯವರು ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ.

ಶಿರಾ ಗೇಟ್
ವಿಷಯಕ್ಕೆ ಬನ್ನಿ ಸ್ವಾಮಿ. ಖಾಲಿ ಚೆಕ್ ಬಗ್ಗೆ ಯಾರೂ ಹೇಳಲಿಲ್ಲ. ಸೆಕ್ಯುರಿಟಿ ಅಂತ ಕೊಟ್ಟ ಚೆಕ್‌ಗೆ 138ನೇ ಸೆಕ್ಷನ್‌ನ ಚೆಕ್ ಬೌನ್ಸ್ ಕೇಸ್ ಆಗುವುದಿಲ್ಲ ಅಂತ ನನ್ನ ಸ್ನೇಹಿತ ಹೇಳುತ್ತಾನೆ. ನಿಜಾನಾ?

ಕೋಲಾರ ವಕೀಲೆ
ಆ ಮಾತು ನಂಬಿ ಕೂರಬೇಡಿ. ಸಹಿ ಮಾಡಿದ ಖಾಲಿ ಚೆಕ್ ಅನ್ನು ಬೇರೆಯವರು ತುಂಬಿಸಿದರೂ, ಸಹಿ ನಿಮ್ಮದೇ ಆದರೆ ಸಾಲ ಇದೆ ಎಂದೇ ಕಾನೂನು ಊಹಿಸುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಹಾಗಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ. ಬ್ಯಾಂಕಿಗೆ ಹಾಕುವ ದಿನ ನಿಜವಾಗಿ ಬಾಕಿ ಇದ್ದರೆ ಸೆಕ್ಯುರಿಟಿ ಚೆಕ್‌ಗೂ 138 ಬರುತ್ತದೆ. ಬೌನ್ಸ್ ಆಗಿದೆ ಅಂತ ಬ್ಯಾಂಕ್ ತಿಳಿಸಿದ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು, ನೋಟಿಸ್ ಸಿಕ್ಕಿದ 15 ದಿನದೊಳಗೆ ನೀವು ಕಟ್ಟದಿದ್ದರೆ ಆಮೇಲಿನ ಒಂದು ತಿಂಗಳಲ್ಲಿ ದೂರು. ಆ ನೋಟಿಸ್ ಬಂದರೆ ಸುಮ್ಮನೆ ಇರಬೇಡಿ.

ಸಾಧ್ಯವಾದರೆ ಚೆಕ್ ಬದಲು ಬ್ಯಾಂಕ್ ಗ್ಯಾರಂಟಿ ಕೊಡಿ. ಚೆಕ್ ಕೊಡಲೇಬೇಕಾದರೆ ಅದರ ನಂಬರ್, ಯಾವುದಕ್ಕೆ ಕೊಟ್ಟಿದ್ದು, ಗರಿಷ್ಠ ಎಷ್ಟು ಮೊತ್ತಕ್ಕೆ, ಯಾವಾಗ ವಾಪಸ್ ಎಂದು ಅಗ್ರಿಮೆಂಟ್‌ನಲ್ಲೇ ಬರೆಸಿ.

ಮುಳಬಾಗಿಲು ಹುಡುಗ
ಏಜೆನ್ಸಿ ಬಿಟ್ಟ ಮೇಲೆ ಎರಡು ವರ್ಷ ಬೇರೆ ಮಸಾಲೆ ಮಾರಬಾರದು ಅಂತ ಇದ್ದರೆ?

ಕೋಲಾರ ವಕೀಲೆ
ಅದು ನಿಲ್ಲುವುದಿಲ್ಲ. ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಒಪ್ಪಂದ ನಡೆಯುತ್ತಿರುವಾಗ ಬೇರೆ ಬ್ರ್ಯಾಂಡ್ ಬೇಡ ಎನ್ನುವುದನ್ನು ಕೋರ್ಟ್‌ಗಳು ಒಪ್ಪಿವೆ, 1995ರ ಗುಜರಾತ್ ಬಾಟ್ಲಿಂಗ್ ತೀರ್ಪು ನೋಡಿ. ಮುಗಿದ ಮೇಲೆ ಕೈ ಕಟ್ಟಿ ಹಾಕಲು ಆಗುವುದಿಲ್ಲ.

ರದ್ದತಿ ಬಗ್ಗೆ ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1991ರ ಅಮೃತಸರ ಗ್ಯಾಸ್ ಸರ್ವೀಸ್ ಪ್ರಕರಣದಲ್ಲಿ ಒಪ್ಪಂದ 30 ದಿನದ ನೋಟಿಸ್‌ನಿಂದ ಮುಗಿಸಬಹುದಾದದ್ದು. ಡಿಸ್ಟ್ರಿಬ್ಯೂಟರ್‌ಶಿಪ್ ವಾಪಸ್ ಕೊಡಿಸಲು ಆಗುವುದಿಲ್ಲ, ಆ 30 ದಿನದ ನಷ್ಟ ಮಾತ್ರ ಸಿಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ನಿಮ್ಮ ನೋಟಿಸ್ ಅವಧಿ ಎಷ್ಟು ಉದ್ದವೋ ನಿಮ್ಮ ರಕ್ಷಣೆ ಅಷ್ಟೇ. ಗಾಡಿ, ಗೋಡೌನ್, ಸಿಬ್ಬಂದಿಗೆ ದುಡ್ಡು ಹಾಕುವವರು 90 ದಿನ ಕೇಳಿ.

ಚಿಕ್ಕಬಳ್ಳಾಪುರ ಎಫ್‌ಎಂಸಿಜಿ
ಮೇಡಂ, ‘ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಮುಂಬೈಯಲ್ಲಿ, ಮಧ್ಯಸ್ಥರನ್ನು ಕಂಪನಿ ಎಂಡಿ ನೇಮಿಸುತ್ತಾರೆ’ ಅಂತ ನಮ್ಮದರಲ್ಲಿ ಇತ್ತು. ಒಂದು ಲಕ್ಷದ ಕ್ಲೇಮ್‌ಗೆ ಯಾರು ಮುಂಬೈಗೆ ಓಡಾಡುತ್ತಾರೆ?

ಕೋಲಾರ ವಕೀಲೆ
ಎಂಡಿ ಒಬ್ಬರೇ ನೇಮಿಸುವುದು ನಡೆಯುವುದಿಲ್ಲ. ಫಲಿತಾಂಶದಲ್ಲಿ ಆಸಕ್ತಿ ಇರುವವರು ಏಕೈಕ ಮಧ್ಯಸ್ಥರನ್ನು ಆರಿಸುವಂತಿಲ್ಲ ಎಂದು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿದೆ. ಮುಂಬೈ ಅನ್ನುವುದು ಮಾತ್ರ ನಡೆಯುತ್ತದೆ, ಅದಕ್ಕೇ ಸೈನ್‌ಗೆ ಮೊದಲು ತುಮಕೂರು ಅಥವಾ ಬೆಂಗಳೂರು ಎಂದು ಮಾಡಿಸಬೇಕು. ಮಧ್ಯಸ್ಥಿಕೆ ಕಲಂ ಬರೀ ಪಾಲಿಸಿಯಲ್ಲಿದ್ದು, ಅಗ್ರಿಮೆಂಟ್‌ನಲ್ಲಿ ‘ಪಾಲಿಸಿ ಅನ್ವಯಿಸುತ್ತದೆ’ ಎಂದಷ್ಟೇ ಇದ್ದರೆ ಆ ಕಲಂ ತಾನಾಗಿ ಬರುವುದಿಲ್ಲ, ಅದನ್ನೇ ಹೆಸರಿಸಿ ಸೇರಿಸಿರಬೇಕು. 2009ರ ಎಂ.ಆರ್. ಎಂಜಿನಿಯರ್ಸ್ ತೀರ್ಪು ಅದು.

ಮಧ್ಯಸ್ಥಿಕೆ ಕಲಂ ಇಲ್ಲದಿದ್ದರೆ, 3 ಲಕ್ಷ ಅಥವಾ ಮೇಲಿನ ಡಿಸ್ಟ್ರಿಬ್ಯೂಷನ್ ತಗಾದೆ ಕಮರ್ಷಿಯಲ್ ಕೋರ್ಟ್‌ಗೆ ಬರುತ್ತದೆ. ತುರ್ತು ತಡೆ ಬೇಡದಿದ್ದರೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂಧಾನ ಕಡ್ಡಾಯ. ಅಲ್ಲೇ ಎಷ್ಟೋ ಕ್ಲೇಮ್ ಇತ್ಯರ್ಥ ಆಗುತ್ತವೆ, ಉಪಯೋಗಿಸಿಕೊಳ್ಳಿ.

ತಿಪಟೂರು ಟ್ರೇಡರ್ಸ್
ಸ್ಟಾಂಪ್ ಪೇಪರ್ ಮರೆಯಬೇಡಿ. ಲೆಟರ್‌ಹೆಡ್ ಮೇಲೆ ಸೈನ್ ಹಾಕಿಸಿಕೊಳ್ಳುವವರಿದ್ದಾರೆ.

ಕೋಲಾರ ವಕೀಲೆ
ಹೌದು. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆ 34ನೇ ಸೆಕ್ಷನ್ ಪ್ರಕಾರ, ಸರಿಯಾದ ಸ್ಟಾಂಪ್ ಇಲ್ಲದಿದ್ದರೆ ಬಾಕಿ ಶುಲ್ಕ ಮತ್ತು ಹತ್ತು ಪಟ್ಟು ದಂಡ ಕಟ್ಟುವ ತನಕ ಕೋರ್ಟ್ ಅದನ್ನು ಸಾಕ್ಷ್ಯವಾಗಿ ತಗೊಳ್ಳುವುದಿಲ್ಲ. ಸಹಿ ಆದ ಒಂದು ಮೂಲ ಪ್ರತಿ ನಿಮ್ಮ ಹತ್ತಿರವೂ ಇರಲಿ.

ಮಂಡಿಪೇಟೆ ಅಂಗಡಿ
ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದು ಏರಿಯಾ ಮ್ಯಾನೇಜರ್‌ಗೆ ಕೊಟ್ಟೆ. ಮೊದಲು ಸಿಟ್ಟಾದರು. ಆಮೇಲೆ ಹೆಡ್ ಆಫೀಸ್‌ನವರು ಫೋನ್ ಮಾಡಿ ಮಾತಾಡಿದರು. ಪಾಲಿಸಿ ಕಳಿಸಿದ್ದಾರೆ, ದಿನಾಂಕ ಹಾಕಿ ಷೆಡ್ಯೂಲ್ ಮಾಡಲು ಒಪ್ಪಿದ್ದಾರೆ. 30 ದಿನದ ನೋಟಿಸ್‌ಗೂ ಒಪ್ಪಿದ್ದಾರೆ. ಸ್ಟಾಕ್ ವಾಪಸ್ ವಿಷಯ ಇನ್ನೂ ಎಳೆದಾಡುತ್ತಿದ್ದಾರೆ. ಏರಿಯಾ ಎಕ್ಸ್‌ಕ್ಲೂಸಿವ್ ಕೊಡಲ್ಲವಂತೆ. ಚೆಕ್ ಒಂದಕ್ಕೆ ಇಳಿದಿದೆ, ಅದಕ್ಕೆ ಮೊತ್ತದ ಮಿತಿ ಬರೆಸುತ್ತೇನೆ.

ಗುಬ್ಬಿ ರೋಡ್
ಅರೆ, ಇಷ್ಟು ಕೊಟ್ಟರಾ! ಹಾಗಾದರೆ ನನ್ನ ರಿನ್ಯೂವಲ್ ಬಂದಾಗ ನಾನೂ ಕೇಳುತ್ತೇನೆ. ಸ್ಟಾಕ್ ವಾಪಸ್ ಮಾತ್ರ ಬಿಡಬೇಡಿ ಅಣ್ಣಾ.

ಬಾಗೇಪಲ್ಲಿ ಸಬ್‌ಸ್ಟಾಕಿಸ್ಟ್
ಇದನ್ನೆಲ್ಲ ಓದಿ ಕೇಳುತ್ತಿದ್ದೇನೆ. ನಾನು ಸಬ್‌ಸ್ಟಾಕಿಸ್ಟ್, ಅಂದರೆ ಕಂಪನಿಯಿಂದ ನೇರ ಅಲ್ಲ, ಸೂಪರ್ ಸ್ಟಾಕಿಸ್ಟ್ ಅನ್ನುವ ದೊಡ್ಡ ಡಿಸ್ಟ್ರಿಬ್ಯೂಟರ್ ಹತ್ತಿರ ಮಾಲು ತಗೊಳ್ಳುವವನು, ಕಂಪನಿ ಜೊತೆ ನನಗೆ ಯಾವ ಅಗ್ರಿಮೆಂಟೂ ಇಲ್ಲ. ಸೂಪರ್ ಸ್ಟಾಕಿಸ್ಟ್ ಹತ್ತಿರ ಸ್ಕೀಮ್ ದುಡ್ಡು ನಿಂತುಹೋಗಿದೆ. ವಾಟ್ಸ್ಆ್ಯಪ್‌ನಲ್ಲಿ ಸ್ಕೀಮ್ ಹಾಕಿದ ಮೆಸೇಜ್ ಇದೆ, ಬೇರೆ ಕಾಗದ ಇಲ್ಲ. ಏನಾದರೂ ದಾರಿ ಇದೆಯಾ?

ಕೋಲಾರ ವಕೀಲೆ
ಇದೆ. ಕಂಪನಿ ಮೇಲೆ ನೇರ ಹೋಗುವುದು ಕಷ್ಟ. ನಿಮ್ಮ ವ್ಯವಹಾರ ಸೂಪರ್ ಸ್ಟಾಕಿಸ್ಟ್ ಜೊತೆ, ಕೇಳುವುದೂ ಅವರನ್ನೇ. ಬಾಯಿ ಮಾತಿನ ಕರಾರೂ ಕರಾರೇ, ಅದನ್ನು ತೋರಿಸುವುದಷ್ಟೇ ಕೆಲಸ. ಬಿಲ್‌ಗಳು, ಲೆಡ್ಜರ್, ಹಿಂದೆ ಇದೇ ಥರದ ಸ್ಕೀಮ್‌ಗೆ ಕೊಟ್ಟಿದ್ದ ಕ್ರೆಡಿಟ್ ನೋಟ್ ಎಲ್ಲ ತೆಗೆದಿಡಿ. ವಾಟ್ಸ್ಆ್ಯಪ್ ಮೆಸೇಜ್ ಅಳಿಸಬೇಡಿ, ಆ ಫೋನ್ ಮಾರಬೇಡಿ. ಕೋರ್ಟ್‌ಗೆ ಕೊಡುವಾಗ 2023ರ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಲಗತ್ತಿಸಬೇಕು. ಬಾಕಿ ಹುಟ್ಟಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಅಷ್ಟರೊಳಗೆ ಬಾಕಿ ಇದೆ ಅಂತ ಅವರು ಸಹಿ ಮಾಡಿ ಬರೆದುಕೊಟ್ಟರೆ ಅಲ್ಲಿಂದ ಹೊಸದಾಗಿ ಲೆಕ್ಕ ಶುರು. ಹಾಗಾಗಿ ಈ ವಾರವೇ ಲೆಡ್ಜರ್ ಬ್ಯಾಲೆನ್ಸ್ ಕನ್ಫರ್ಮೇಷನ್‌ಗೆ ಸಹಿ ಕೇಳಿ.

ಬಾಗೇಪಲ್ಲಿ ಸಬ್‌ಸ್ಟಾಕಿಸ್ಟ್
ಸರಿ ಮೇಡಂ, ಲೆಡ್ಜರ್ ಪ್ರಿಂಟ್ ತೆಗೆಸುತ್ತೇನೆ. ಅವರು ಮುದ್ರೆ ಒತ್ತಿದರೆ ಸಾಕಾ, ಸಹಿಯೂ ಬೇಕಾ?

ಕೋಲಾರ ವಕೀಲೆ
ಸಹಿ ಬೇಕು. ಕೆಳಗೆ ದಿನಾಂಕವನ್ನೂ ಅವರ ಕೈಯಲ್ಲೇ ಬರೆಸಿ.